ಇಲ್ಲ, ಸ್ವೀಟ್ ತಿಂದು ಬಂದಿದ್ದಲ್ಲ

ಮಗಳಿಗೆ ಈಗ ಒಂದೂವರೆ ವರ್ಷ. ಅವಳು ಹೊಟ್ಟೆಯಲ್ಲಿದ್ದಾಗ ನನಗೆ ಶುಗರ್ ಬಂದಿತ್ತು. ಅವತ್ತಿನಿಂದ ಇವತ್ತಿನವರೆಗೆ ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಆಫೀಸಿನಲ್ಲಿ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ, ಎಲ್ಲಿ ಹೋದರೂ ಒಂದೇ ಪ್ರಶ್ನೆ: "ಬಸುರಿಯಾಗಿದ್ದಾಗ ನಿಂಗೆ ಶುಗರ್ ಬಂದಿತ್ತಂತೆ? ಸ್ವೀಟ್ ಜಾಸ್ತಿ ತಿಂತಿದ್ಯಾ?"

ಇಲ್ಲ. ತಿಂತಿರಲಿಲ್ಲ.

ಮೊದಮೊದಲು ನಗುತ್ತಾ ಹೇಳುತ್ತಿದ್ದೆ. ಆಮೇಲೆ ನಗದೆ ಹೇಳಿದೆ. ಈಗ ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಆ ಪ್ರಶ್ನೆಯನ್ನು ಕೇಳುವ ರೀತಿಯನ್ನೇ ನೋಡಿ. ಮೊದಲ ಅರ್ಧ "ಅಂತೆ"ಯಲ್ಲಿ ಮುಗಿಯುತ್ತದೆ. ಅಂದರೆ ನನ್ನ ಬೆನ್ನ ಹಿಂದೆ ಮಾತು ಆಗಲೇ ಒಂದು ಸುತ್ತು ತಿರುಗಿ ಬಂದಿದೆ. ಎರಡನೇ ಅರ್ಧಕ್ಕೆ ಉತ್ತರವೇ ಬೇಕಾಗಿಲ್ಲ, ಅದರೊಳಗೇ ತೀರ್ಪು ಇದೆ. ಜ್ವರ ಬಂದವರನ್ನು "ಹೇಗಿದ್ದೀಯ" ಅಂತ ಕೇಳುವ ಜನ ಶುಗರ್ ಬಂದ ಬಸುರಿಯನ್ನು "ಏನು ತಿಂದೆ" ಅಂತ ಕೇಳುತ್ತಾರೆ.

ನನ್ನ ಸೀಮಂತ ನಡೆದಿದ್ದು ಏಳನೇ ತಿಂಗಳಲ್ಲಿ, ತಿಪಟೂರಿನ ನಮ್ಮಮ್ಮನ ಮನೆಯಲ್ಲಿ. ರಿಪೋರ್ಟ್ ಬಂದು ಎರಡು ವಾರವಾಗಿತ್ತು ಅಷ್ಟೆ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಎಲೆ ಹಾಕಿ ಕೂರಿಸಿದರು. ಚಿರೋಟಿ ಬಂತು. ಬೇಡ ಅಂದೆ. ನಮ್ಮತ್ತೆಯ ಅಕ್ಕ, ನಾವು ದೊಡ್ಡತ್ತೆ ಅನ್ನುತ್ತೇವೆ, ಸೆರಗು ಸಿಕ್ಕಿಸಿಕೊಂಡು ಬಂದು ಅಡ್ಡ ನಿಂತರು. "ಒಂದು ಚಿರೋಟಿ ತಿಂದ್ರೆ ಏನಾಗುತ್ತಮ್ಮಾ? ಬಸುರಿ ಬಯಕೆ ತೀರಿಸದೇ ಇದ್ರೆ ಮಗೂ ಕಿವಿ ಸೋರುತ್ತೆ." ಹಾಲು, ಸಕ್ಕರೆ ಎಲ್ಲ ಬಿತ್ತು ನನ್ನೆಲೆಗೆ. ನಾನು ಮುಟ್ಟಲಿಲ್ಲ. ಅನ್ನ ಬರುವಷ್ಟರಲ್ಲಿ ಅದೇ ದೊಡ್ಡತ್ತೆ ಪಕ್ಕದ ಸಾಲಿನವರಿಗೆ ಕೇಳುವ ಹಾಗೆ ಹೇಳಿದರು: "ಮೊದಲೇ ಬಾಯಿ ಕಟ್ಟಿದ್ರೆ ಇದು ಬರ್ತಿತ್ತಾ?"

ಒಂದೇ ಬಾಯಿ, ಒಂದೇ ಊಟ, ಇನ್ನೂ ಪಲ್ಯವೂ ಮುಗಿದಿರಲಿಲ್ಲ. ತಿನ್ನದಿದ್ದರೆ ಮಗುವಿನ ಕಿವಿಗೆ ನಾನು ಹೊಣೆ, ತಿಂದರೆ ಮಗುವಿನ ಜೀವಕ್ಕೆ ನಾನು ಹೊಣೆ. ಎಲೆಯ ಮುಂದೆ ಅತ್ತರೆ ಅಪಶಕುನ ಅಂತ ಅದನ್ನೂ ತಡೆದುಕೊಂಡೆ.

ಅವತ್ತು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಬಸುರಿನಲ್ಲಿ ಬರುವ ಶುಗರಿಗೆ ಕಾರಣ ಮಾಸು. ಹೆರಿಗೆಯಾದ ಮೇಲೆ ಹೊರಬೀಳುತ್ತದಲ್ಲ, ಕೆಲವರು ಕಸ ಅನ್ನುತ್ತಾರಲ್ಲ, ಅದೇ. ಮಗುವಿಗೆ ಅನ್ನ, ಉಸಿರು ಎರಡನ್ನೂ ದಾಟಿಸುವ ಮಾಸು ಹಾರ್ಮೋನುಗಳನ್ನೂ ಸುರಿಸುತ್ತದೆ. ಆ ಹಾರ್ಮೋನುಗಳು ತಾಯಿಯ ಮೈಯಲ್ಲಿ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಸಲೀಸಾಗಿ ಕೆಲಸ ಮಾಡದಂತೆ ತಡೆಯುತ್ತವೆ. ಹಾಗಾದರೆ ಸಕ್ಕರೆ ತಾಯಿಯ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಮಗುವಿಗೆ ಸಿಗುತ್ತದೆ. ಇದು ಎಲ್ಲ ಬಸುರಿಯರಲ್ಲೂ ಆಗುತ್ತದೆ. ಹೆಚ್ಚಿನವರ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಮಾಡಿ ಸರಿದೂಗಿಸಿಕೊಳ್ಳುತ್ತದೆ. ನನ್ನಂಥವರಲ್ಲಿ ಅದಕ್ಕೆ ಅಷ್ಟು ಮಾಡಲು ಆಗುವುದಿಲ್ಲ. ನಮ್ಮಪ್ಪನಿಗೆ ಶುಗರ್ ಇದೆ, ಅಪ್ಪನ ಅಮ್ಮನಿಗೂ ಇತ್ತು. ಸೀಮಂತದ ದಿನ ಅಪ್ಪ ಎದುರಿಗೇ ಕೂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಇನ್ನೊಂದು ಮಾತು. ನನಗೆ ಕೊನೆಯವರೆಗೂ ಕೈಕೊಟ್ಟಿದ್ದು ಊಟದ ನಂತರದ ಸಂಖ್ಯೆಯಲ್ಲ, ಬೆಳಗಿನ ಖಾಲಿ ಹೊಟ್ಟೆಯದು. ರಾತ್ರಿ ಎಂಟೂವರೆಗೆ ಊಟ ಮುಗಿಸಿ, ಬೆಳಿಗ್ಗೆ ಆರೂವರೆಗೆ ಬೆರಳು ಚುಚ್ಚಿದರೆ 104. 95ಕ್ಕಿಂತ ಕೆಳಗಿರಬೇಕು ಅಂತ ಡಾಕ್ಟರ್ ಹೇಳಿದ್ದರು. ಹತ್ತು ಗಂಟೆ ಬಾಯಿಗೆ ನೀರು ಬಿಟ್ಟು ಬೇರೇನೂ ಹಾಕಿಲ್ಲ, ಆದರೂ ಜಾಸ್ತಿ. ನಾವು ಮಲಗಿದಾಗಲೂ ಲಿವರ್ ತಾನೇ ಸಕ್ಕರೆ ಬಿಡುಗಡೆ ಮಾಡುತ್ತಿರುತ್ತದೆ. ಅದಕ್ಕೆ ಲಗಾಮು ಹಾಕುವುದು ಇನ್ಸುಲಿನ್, ಅದೇ ಕೆಲಸ ಮಾಡುತ್ತಿಲ್ಲ. ಈಗ ಹೇಳಿ, ನಿದ್ದೆಯಲ್ಲಿ ನಾನು ಯಾವ ಸ್ವೀಟ್ ತಿಂದೆ?

ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬಂದ ಮೇಲೆ ಹಿಡಿತದಲ್ಲಿಡುವುದು ಮೊದಲು ಊಟದಿಂದಲೇ. ಮಗುವಿಗೋಸ್ಕರ ಹಿಡಿತದಲ್ಲಿ ಇಡಲೇಬೇಕು. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಮಗು ಆ ಸಕ್ಕರೆಗೆ ತಾನೇ ಇನ್ಸುಲಿನ್ ಮಾಡಿಕೊಂಡು ಮೈ ತುಂಬಿಕೊಳ್ಳುತ್ತದೆ, ತೂಕ ಏರುತ್ತದೆ, ಹೆರಿಗೆ ಕಷ್ಟವಾಗುತ್ತದೆ. ಹುಟ್ಟಿದ ಮೇಲೆ ಹೊಕ್ಕಳುಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ಬರುವುದು ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಮಗುವಿನ ಸಕ್ಕರೆ ದಿಢೀರ್ ಅಂತ ಇಳಿಯಬಹುದು. ಇದು ಗೊತ್ತಾದ ಮೇಲೆ ನಾನು ಒಂದು ದಿನವೂ ಬೆರಳು ಚುಚ್ಚುವುದನ್ನು ತಪ್ಪಿಸಲಿಲ್ಲ.

ಟೆಸ್ಟಿನ ಬಗ್ಗೆ ಹೇಳಬೇಕು, ಯಾಕೆಂದರೆ ಬಸುರಿಯರು ನನ್ನನ್ನು ಗುಟ್ಟಾಗಿ ಕೇಳುವುದು ಅದನ್ನೇ, ಮತ್ತು ಅವರು ಕೇಳಿದರೆ ನನಗೆ ಕೋಪವೇ ಬರುವುದಿಲ್ಲ. ಸರ್ಕಾರದ ಮಾರ್ಗಸೂಚಿಯ ಪ್ರಕಾರ ಎಲ್ಲ ಬಸುರಿಯರಿಗೂ ಎರಡು ಸಲ ಮಾಡಬೇಕು: ಮೊದಲ ಸಲ ತೋರಿಸಲು ಹೋದಾಗ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲುಕೋಸನ್ನು ಸುಮಾರು 300 ಮಿಲಿ ನೀರಿನಲ್ಲಿ ಕಲಸಿ, ಐದರಿಂದ ಹತ್ತು ನಿಮಿಷದೊಳಗೆ ಕುಡಿದು, ಎರಡು ಗಂಟೆಗೆ ರಕ್ತ ಕೊಡಬೇಕು. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸುರಿನ ಶುಗರ್. ಈ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲೇ ಬರಬೇಕೆಂದಿಲ್ಲ. ದೂರದ ಹಳ್ಳಿಯಿಂದ ಬರುವ ಹೆಂಗಸಿಗೆ "ನಾಳೆ ಉಪವಾಸ ಬಾ" ಅಂದರೆ ಅವಳು ಮತ್ತೆ ಬರುವುದೇ ಇಲ್ಲ ಅಂತ ಯೋಚಿಸಿ ಈ ಪದ್ಧತಿಗಾಗಿ ವಾದಿಸಿದವರು ಚೆನ್ನೈನ ಡಾ. ವಿ. ಶೇಷಯ್ಯ. ಅವರ ಹುಟ್ಟುಹಬ್ಬ ಮಾರ್ಚ್ 10ನ್ನೇ ನಮ್ಮ ದೇಶದಲ್ಲಿ ಬಸುರಿನ ಶುಗರಿನ ಜಾಗೃತಿ ದಿನವಾಗಿ ಆಚರಿಸುತ್ತಾರೆ. ಕೆಲವು ಕಡೆ ಬೇರೆ ಪದ್ಧತಿ, ಉಪವಾಸ ಬರಲು ಹೇಳಿ ಮೂರು ಸಲ ರಕ್ತ ತೆಗೆಯುತ್ತಾರೆ. ನಿಮ್ಮ ಡಾಕ್ಟರ್ ಹೇಳಿದ್ದನ್ನು ಮಾಡಿ.

ಮೂರನೇ ತಿಂಗಳಲ್ಲಿ ನನಗೆ 108 ಬಂದಿತ್ತು, ನಾರ್ಮಲ್. ಆರನೇ ತಿಂಗಳಲ್ಲಿ ಹೋದಾಗ ಲ್ಯಾಬಿನಲ್ಲಿ ಕೂರಲು ಎರಡೇ ಕುರ್ಚಿ. ಗ್ಲುಕೋಸ್ ನೀರು ಬೆಚ್ಚಗಿತ್ತು. ಕುಡಿದು ಇಪ್ಪತ್ತು ನಿಮಿಷಕ್ಕೆ ಅಲ್ಲೇ ಬಾಗಿಲ ಹತ್ತಿರ ವಾಂತಿ ಮಾಡಿಕೊಂಡೆ. ರಕ್ತ ತೆಗೆಯುವ ಹುಡುಗಿ ಮುಖ ಸಿಂಡರಿಸಿ "ನಾಳೆ ಬನ್ನಿ" ಅಂದಳು. ಅವಳು ಹೇಳಿದ್ದು ಸರಿಯೇ, ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮಾಡಬೇಕು. ಅರ್ಧ ಗಂಟೆ ದಾಟಿದ್ದರೆ ಮುಂದುವರಿಸಬಹುದು. ಮುಖ ಸಿಂಡರಿಸಬೇಕಾಗಿರಲಿಲ್ಲ. ಮರುದಿನ ಮನೆಯಿಂದ ತಣ್ಣನೆ ನೀರು ತೆಗೆದುಕೊಂಡು ಹೋದೆ, ಕೇಳಿ ಅರ್ಧ ನಿಂಬೆಹಣ್ಣು ಹಿಂಡಿಸಿಕೊಂಡೆ, ಫ್ಯಾನಿನ ಕೆಳಗೆ ಅಲ್ಲಾಡದೆ ಕೂತೆ. ಒಳಗಿತ್ತು. 163 ಬಂತು. ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಜಿಡಿಎಂ ಅಂತ ಬರೆದರು, ಬಸುರಿನ ಶುಗರಿಗೆ ಡಾಕ್ಟರುಗಳ ಚುಟುಕು ಹೆಸರು.

ಆಮೇಲೆ ಗ್ಲುಕೋಮೀಟರ್. ದಿನಕ್ಕೆ ನಾಲ್ಕು ಸಲ: ಬೆಳಿಗ್ಗೆ ಎದ್ದ ಕೂಡಲೇ, ಮತ್ತೆ ಮೂರು ಹೊತ್ತು ತಿಂದು ಎರಡೆರಡು ಗಂಟೆಗೆ. ಬೆರಳ ತುದಿಯ ನಡುವೆ ಚುಚ್ಚಬೇಡಿ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ಚುಚ್ಚುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ಒಮ್ಮೆ ಅತ್ತೆಗೆ ಮಾವಿನಹಣ್ಣು ಹೆಚ್ಚಿಕೊಟ್ಟು ಹಾಗೇ ಚುಚ್ಚಿಕೊಂಡೆ, 231 ತೋರಿಸಿತು. ಎದೆ ಧಸಕ್ಕೆಂದಿತು. ಕೈ ತೊಳೆದು ನೋಡಿದರೆ 117. ಬೆರಳಿಗೆ ಅಂಟಿದ ಹಣ್ಣಿನ ರಸವನ್ನೂ ಅದು ಲೆಕ್ಕ ಹಾಕಿತ್ತು.

ಸ್ವೀಟು ಸ್ವೀಟು ಅನ್ನುವವರಿಗೆ ರಾಗಿಯ ಕಥೆ ಹೇಳಬೇಕು. "ಶುಗರಿಗೆ ರಾಗಿ ಒಳ್ಳೇದು, ಎಷ್ಟು ಬೇಕಾದ್ರೂ ತಿನ್ನು" ಅಂದರು ಎಲ್ಲರೂ. ಒಂದು ದೊಡ್ಡ ಲೋಟ ರಾಗಿ ಗಂಜಿ ಕುಡಿದೆ, ಸಕ್ಕರೆ ಬೆಲ್ಲ ಏನೂ ಹಾಕದೆ. ಎರಡು ಗಂಟೆಗೆ 168. ರಾಗಿಯಲ್ಲೂ ಹೆಚ್ಚು ಪಾಲು ಪಿಷ್ಟವೇ, ನುಣ್ಣಗೆ ಬೀಸಿ ತೆಳ್ಳಗೆ ಕಾಯಿಸಿದರೆ ಬೇಗ ರಕ್ತಕ್ಕೆ ಸೇರುತ್ತದೆ. ಮರುದಿನ ಅರ್ಧ ಮುದ್ದೆ, ಬಟ್ಟಲು ತುಂಬ ಹುರುಳಿಕಾಳು ಬಸ್ಸಾರಿನ ಪಲ್ಯ, ಊಟವಾದ ಮೇಲೆ ಬೀದಿ ಕೊನೆಯವರೆಗೆ ಹೋಗಿ ಬಂದೆ. 116. ಹೀಗೆ ಪುಸ್ತಕದಲ್ಲಿ ಬರೆದುಕೊಂಡು ಬರೆದುಕೊಂಡು ನನ್ನ ಮೈಯನ್ನು ನಾನು ಕಲಿತೆ. ಊಟದ ಸಂಖ್ಯೆಗಳು ಎರಡು ವಾರದಲ್ಲಿ ದಾರಿಗೆ ಬಂದವು. ಬೆಳಗಿನದು ಬರಲಿಲ್ಲ, ಅದಕ್ಕೆ ರಾತ್ರಿ ಮಲಗುವಾಗ ಇನ್ಸುಲಿನ್ ಶುರು ಮಾಡಿದರು. ಹೊಟ್ಟೆಗೆ ಚುಚ್ಚಿದರೆ ಮಗುವಿಗೆ ತಗಲುತ್ತದೆ ಅಂತ ಅಮ್ಮ ಹೆದರಿದ್ದರು. ಆ ಸೂಜಿ ಚರ್ಮದ ಕೆಳಗಿನ ಕೊಬ್ಬಿನವರೆಗೆ ಮಾತ್ರ ಹೋಗುತ್ತದೆ ಅಂತ ತೋರಿಸಿದ ಮೇಲೆ, ಮೂರನೇ ದಿನದಿಂದ ಅವರೇ ಚುಚ್ಚಿದರು.

ಇಷ್ಟು ಹೊತ್ತು ನೀವು ಕೇಳಿದ್ದಕ್ಕೆ ಉತ್ತರ ಹೇಳಿದೆ. ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ: "ಹೆರಿಗೆ ಆದ ಮೇಲೆ ಟೆಸ್ಟ್ ಮಾಡಿಸಿದ್ಯಾ?"

ಮಾಸು ಹೊರಬಿದ್ದ ಮರುದಿನವೇ ನನ್ನ ಸಂಖ್ಯೆಗಳು ಇಳಿದವು, ಇನ್ಸುಲಿನ್ ನಿಂತಿತು. "ಹೋಯ್ತಲ್ಲ ಬಿಡು" ಅಂದರು ಎಲ್ಲರೂ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರ ಒಂದು ಸಾಲಿತ್ತು: ಆರು ವಾರಕ್ಕೆ ಮತ್ತೆ 75 ಗ್ರಾಂ ಟೆಸ್ಟ್. ಆರು ವಾರಕ್ಕೆ ನಾನೆಲ್ಲಿದ್ದೆ? ತಿಪಟೂರಿನ ಒಳಮನೆಯಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಬಾಣಂತನದಲ್ಲಿ. ಬೆಳಿಗ್ಗೆ ಒಂದು ಅಂಟಿನುಂಡೆ, ಸಂಜೆ ಒಂದು, ನಡುವೆ ಕೊಬ್ಬರಿ ಬೆಲ್ಲ. ಪ್ರೀತಿಯಿಂದ ಮಾಡಿದ್ದು, ನಾನು ತಿಂದೆ. ಬಾಣಂತಿ ಹೊಸ್ತಿಲು ದಾಟಿ ಲ್ಯಾಬಿಗೆ ಹೋಗಿ ಎರಡು ಗಂಟೆ ಕೂರುವುದೆಂದರೆ ಮನೆಯಲ್ಲಿ ಯಾರೂ ಒಪ್ಪುವ ಮಾತಲ್ಲ. ಗಂಟೆಗೊಮ್ಮೆ ಹಾಲು ಕೇಳುವ ಮಗು ಬೇರೆ. ಮಗುವಿನ ತೂಕ ಕೇಳಿದರು, ಹಾಲು ಸಾಕಾಗುತ್ತಾ ಕೇಳಿದರು, ಹೊಲಿಗೆ ಕೇಳಿದರು. ನನ್ನ ಶುಗರನ್ನು ಯಾರೂ ಕೇಳಲಿಲ್ಲ, ಅದರ ಕೆಲಸ ಮುಗಿದಿತ್ತು.

ಮುಗಿದಿರಲಿಲ್ಲ. ಐದನೇ ತಿಂಗಳಲ್ಲಿ ಕೆಲಸಕ್ಕೆ ವಾಪಸ್ ಹೋಗುವ ಮುಂಚೆ ಹಠ ಮಾಡಿ ಹೋದೆ. ಖಾಲಿ ಹೊಟ್ಟೆಗೆ 101, ಎರಡು ಗಂಟೆಗೆ 146. ಕಾಯಿಲೆ ಅಲ್ಲ, ಆದರೆ ನಾರ್ಮಲ್ಲೂ ಅಲ್ಲ. ವರ್ಷಕ್ಕೊಮ್ಮೆ ನೋಡಿಸಿಕೊಳ್ಳಲೇಬೇಕು ಅಂದರು ಡಾಕ್ಟರ್. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಮ್ಮ ಕಡೆಯವರು ಮಿಷನ್ ಆಸ್ಪತ್ರೆ ಅನ್ನುತ್ತಾರೆ, 1997-98ರಲ್ಲಿ ಬಸುರಿಯರಿಗೆ ಇದೇ ಬಗೆಯ ಟೆಸ್ಟ್ ಮಾಡಿ, ಐದು ವರ್ಷದ ಮೇಲೆ ಅವರನ್ನು ಮತ್ತೆ ಕರೆದು ನೋಡಿದ್ದರು. ಬಸುರಿನಲ್ಲಿ ಶುಗರ್ ಇಲ್ಲದಿದ್ದವರಲ್ಲಿ ಶೇ. 2 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಇದ್ದವರಲ್ಲಿ ಶೇ. 37. ಅದು ಚಿಕ್ಕ ಗುಂಪು, ನಿಜ. ಆದರೆ ನಮ್ಮ ಹಾಗೇ ಮುದ್ದೆ, ಅನ್ನ ತಿನ್ನುವ ಹೆಂಗಸರ ಗುಂಪು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಮ್ಮ "ಸ್ವೀಟ್ ತಿಂತಿದ್ಯಾ"ದ ಮೇಲೆ ನನಗೆ ಯಾಕಿಷ್ಟು ಸಿಟ್ಟು ಅಂತ ಕೇಳಬಹುದು. ನನ್ನ ಚಿಕ್ಕಮ್ಮನ ಮಗಳು ಸೀಮಂತದ ದಿನ ನನ್ನ ಪಕ್ಕದ ಎಲೆಯಲ್ಲೇ ಕೂತಿದ್ದಳು. ದೊಡ್ಡತ್ತೆ ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಹೋದ ವರ್ಷ ಅವಳು ಬಸುರಿಯಾದಾಗ ಮೊದಲ ಟೆಸ್ಟ್ ನಾರ್ಮಲ್ ಬಂತು, ಎರಡನೇದಕ್ಕೆ ಹೋಗಲೇ ಇಲ್ಲ. ಮನೆಯಲ್ಲಿ "ಮಾಡಿಸ್ದೆ, ಸರಿ ಇದೆ" ಅಂದಿದ್ದಳು. ಎಂಟನೇ ತಿಂಗಳ ಸ್ಕ್ಯಾನಿನಲ್ಲಿ ಮಗು ದಪ್ಪ ಕಂಡು ಡಾಕ್ಟರ್ ಕೇಳಿದಾಗ ಗೊತ್ತಾಯಿತು. ಫೋನಿನಲ್ಲಿ ಅಳುತ್ತಾ ಹೇಳಿದಳು: "ಅಕ್ಕಾ, ನಿಂಗೆ ಅಂದಿದ್ದನ್ನ ನಂಗೂ ಅಂತಾರೆ ಅಂತ ಭಯ ಆಯ್ತು." ಮಗು ಹುಟ್ಟಿದ ಮೇಲೆ ಸಕ್ಕರೆ ಇಳಿದು ಎರಡು ದಿನ ಎನ್‌ಐಸಿಯುನಲ್ಲಿ, ಅಂದರೆ ಎಳೆಗೂಸುಗಳ ತೀವ್ರ ನಿಗಾ ಘಟಕದಲ್ಲಿತ್ತು. ಈಗ ಚೆನ್ನಾಗಿದೆ, ಗುಂಡಗಿದೆ.

ಆದ್ದರಿಂದ ನಿಮಗೆ ಏನಾದರೂ ಕೇಳಲೇಬೇಕು ಅನ್ನಿಸಿದರೆ, ಬಾಣಂತಿಯನ್ನು ಹೀಗೆ ಕೇಳಿ: ಆರು ವಾರದ ಟೆಸ್ಟ್ ಯಾವತ್ತು, ಅವತ್ತು ಮಗು ಯಾರ ಹತ್ತಿರ ಇರುತ್ತೆ? ಲ್ಯಾಬಿಗೆ ಹೋಗಲು ಆಟೋ ಇದೆಯಾ? ನನ್ನನ್ನು ಅವತ್ತು ಯಾರಾದರೂ ಹೀಗೆ ಕೇಳಿದ್ದರೆ ಐದು ತಿಂಗಳು ಕಾಯುತ್ತಿರಲಿಲ್ಲ.

ತಂಗಿಗೆ ಈ ಶನಿವಾರಕ್ಕೆ ಆರು ವಾರ ತುಂಬುತ್ತದೆ. ಚಿಕ್ಕಮ್ಮ ಮೊದಲು ಬೇಡ ಅಂದರು, ನಾನು ಮೂರು ಸಲ ಫೋನ್ ಮಾಡಿದ ಮೇಲೆ ಹೂಂ ಅಂದಿದ್ದಾರೆ. ಶುಕ್ರವಾರ ರಾತ್ರಿಯ ರೈಲಿಗೆ ಹೊರಡುತ್ತೇನೆ. ತಣ್ಣನೆ ನೀರಿನ ಬಾಟಲಿ, ನಿಂಬೆಹಣ್ಣು, ಟೆಸ್ಟ್ ಮುಗಿದ ಮೇಲೆ ಅವಳಿಗೆ ತಿನ್ನಲು ಹೆಸರುಬೇಳೆ ದೋಸೆ ಡಬ್ಬಿ. ಅವಳು ಕೂತಿರುವ ಎರಡು ಗಂಟೆ ಮಗುವನ್ನು ಲ್ಯಾಬಿನ ಹೊರಗೆ ನಾನು ಎತ್ತಿಕೊಂಡಿರುತ್ತೇನೆ.