ಸಖೀರ್ ರೇಸಿನ ತಪ್ಪು ಟೈರು, ನಮ್ಮ ಮಿಲ್ ಹೌಸಿನ ಬ್ರಾಸು

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಮಿಲ್ ಹೌಸಿನ, ಅಂದರೆ ಕಬ್ಬು ಅರೆಯುವ ವಿಭಾಗದ, ಶಿಫ್ಟ್ ಎಂಜಿನಿಯರ್. ಕಬ್ಬು ನುರಿಯುವ ಹಂಗಾಮು ಶುರುವಾಗುವ ಮುಂಚೆ ಹೊಸದಾಗಿ ಸೇರಿದ ಐಟಿಐ ಹುಡುಗರಿಗೆ ತರಬೇತಿ ಇರುತ್ತದೆ. ಹೆಲ್ಮೆಟ್, ಶೂ, ಗ್ಲೌಸ್ ವಿಷಯವನ್ನೆಲ್ಲ ಸೇಫ್ಟಿಯವರು ನೋಡಿಕೊಳ್ಳುತ್ತಾರೆ. ನನ್ನ ಪಾಲಿಗೆ ಬರುವ ಸ್ವಲ್ಪ ಹೊತ್ತಿನಲ್ಲಿ ನಾನು ಅವರಿಗೆ ಒಂದು ಫಾರ್ಮುಲಾ ಒನ್ ರೇಸಿನ ಕಥೆ ಹೇಳುತ್ತೇನೆ. 2020ರ ಡಿಸೆಂಬರ್ 6ರಂದು ಬಹ್ರೇನ್‌ನಲ್ಲಿ ನಡೆದ ಸಖೀರ್ ಗ್ರ್ಯಾನ್ ಪ್ರಿ. ಕೊನೇ ಗಳಿಗೆಯಲ್ಲಿ ಕೊಟ್ಟ ಆದೇಶ ಕೆಲಸ ಮಾಡುವ ಕೈಗೆ ಮುಟ್ಟದೆ ಹೋದರೆ ಏನಾಗುತ್ತದೆ ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಆ ವಾರ ಲೂಯಿಸ್ ಹ್ಯಾಮಿಲ್ಟನ್‌ಗೆ ಕೋವಿಡ್ ಬಂದಿತ್ತು. ಅವನ ಬದಲಿಗೆ ಮರ್ಸಿಡಿಸ್ ತಂಡ ವಿಲಿಯಮ್ಸ್‌ನಿಂದ ಜಾರ್ಜ್ ರಸೆಲ್‌ನನ್ನು ಕರೆಸಿಕೊಂಡಿತು. ಹುಡುಗ ಮೊದಲ ತಿರುವಿನಿಂದಲೇ ಮುಂದಿದ್ದ. ಹಿಂದೆ ಅದೇ ತಂಡದ ವಾಲ್ಟೇರಿ ಬೊಟಾಸ್. ಒಟ್ಟು 87 ಸುತ್ತು. ಅಂದು ಬಳಸಿದ್ದು ಬಹ್ರೇನ್ ಟ್ರ್ಯಾಕಿನ ಹೊರಸುತ್ತು, ಉದ್ದ ಬರೀ ಮೂರೂವರೆ ಕಿಲೋಮೀಟರ್. ಒಂದು ಸುತ್ತು ಮುಗಿಯಲು ಒಂದು ನಿಮಿಷವೂ ಬೇಡ. ಈ ವಿವರ ನೆನಪಿಟ್ಟುಕೊಳ್ಳಿ ಅಂತ ಹುಡುಗರಿಗೆ ಹೇಳುತ್ತೇನೆ: ಏನೇ ತೀರ್ಮಾನ ಮಾಡುವುದಿದ್ದರೂ ಅಷ್ಟರೊಳಗೇ ಆಗಬೇಕು.

ಅರವತ್ತು ಸುತ್ತು ದಾಟಿದ ಮೇಲೆ ವಿಲಿಯಮ್ಸ್‌ನಲ್ಲಿ ರಸೆಲ್‌ನ ಜಾಗಕ್ಕೆ ಬಂದಿದ್ದ ಜಾಕ್ ಐಟ್ಕನ್ ಕೊನೆಯ ತಿರುವಿನಲ್ಲಿ ಜಾರಿ, ಕಾರಿನ ಮುಂದಿನ ರೆಕ್ಕೆ ಕಳಚಿ ಟ್ರ್ಯಾಕ್ ಮೇಲೆ ಬಿತ್ತು. ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರು ಬಂತು. ಎಲ್ಲರೂ ನಿಧಾನವಾಗಿ ಓಡುವ ಹೊತ್ತಿನಲ್ಲಿ ಟೈರು ಬದಲಾಯಿಸಿಕೊಂಡರೆ ನಷ್ಟ ಕಡಿಮೆ. ಮರ್ಸಿಡಿಸ್ ಎರಡೂ ಕಾರುಗಳನ್ನು ಒಟ್ಟಿಗೆ ಪಿಟ್‌ಗೆ, ಅಂದರೆ ಟೈರು ಬದಲಿಸುವ ಜಾಗಕ್ಕೆ, ಕರೆಯಿತು, ಮೊದಲು ರಸೆಲ್, ಅವನ ಬೆನ್ನಿಗೇ ಬೊಟಾಸ್. ಈ ಕೆಲಸ ಆ ತಂಡಕ್ಕೆ ಹೊಸದೇನಲ್ಲ. ಹಿಂದಿನ ವರ್ಷ ಚೀನಾದಲ್ಲಿ ಇದನ್ನೇ ಎಲ್ಲರೂ ಬೆರಗಾಗುವಷ್ಟು ಸಲೀಸಾಗಿ ಮಾಡಿ ಮುಗಿಸಿದ್ದರು.

ಈ ಸಲ ರೇಡಿಯೊದಲ್ಲಿ ಆದೇಶ ಹೋಯಿತು, ಆದರೆ ಎಲ್ಲರ ಕಿವಿಗೂ ಬೀಳಲಿಲ್ಲ. ಆದೇಶ ಹೊರಟ ಗಳಿಗೆಯಲ್ಲೇ ಚಾಲಕನ ಮಾತೂ ರೇಡಿಯೊದಲ್ಲಿ ಬಂದು ಅಡ್ಡವಾಯಿತು ಎಂದು ತಂಡ ಆಮೇಲೆ ವಿವರಿಸಿತು. ರಸೆಲ್‌ನ ಟೈರು ತರಬೇಕಾದವರಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಬೊಟಾಸ್‌ನ ಟೈರು ತರುವವರು ಮಾತ್ರ ಸಿದ್ಧರಾಗಿ ನಿಂತಿದ್ದರು. ರಸೆಲ್‌ನ ಕಾರಿಗೆ ಬೊಟಾಸ್‌ನ ಮುಂದಿನ ಟೈರುಗಳು ಕೂತವು, ಕಾರು ಹೊರಟೇಹೋಯಿತು. ಫಾರ್ಮುಲಾ ಒನ್‌ನಲ್ಲಿ ಯಾವ ಸೆಟ್ ಯಾವ ಚಾಲಕನದು ಅಂತ ಮೊದಲೇ ದಾಖಲಾಗಿರುತ್ತದೆ, ಟೈರಿನ ಮೇಲೆ ಬಾರ್‌ಕೋಡ್ ಇರುತ್ತದೆ. ಒಬ್ಬನದು ಇನ್ನೊಬ್ಬನಿಗೆ ಹಾಕುವಂತಿಲ್ಲ. ಹಿಂದೆಯೇ ಬಂದ ಬೊಟಾಸ್ ನಿಂತ, ಅವನ ಟೈರು ಇಲ್ಲ. ಎರಡು-ಮೂರು ಸೆಕೆಂಡಿನಲ್ಲಿ ಮುಗಿಯಬೇಕಾದದ್ದು ಸುಮಾರು 27 ಸೆಕೆಂಡು ಹಿಡಿಯಿತು, ಕೊನೆಗೆ ಬಂದಾಗ ಇದ್ದ ಹಳೆಯ ಟೈರುಗಳನ್ನೇ ಹಾಕಿ ಕಳಿಸಿದರು. ಮುಂದೆ ಓಡುತ್ತಿದ್ದ ರಸೆಲ್‌ನನ್ನು ಮತ್ತೆ ಒಳಗೆ ಕರೆದು ಅವನ ಸ್ವಂತ ಸೆಟ್ ಹಾಕಿದರು. ಅವನು ಐದನೆಯವನಾದ. ಅಲ್ಲಿಂದ ಒಬ್ಬೊಬ್ಬರನ್ನೇ ಹಿಂದಿಕ್ಕಿ ಎರಡನೇ ಸ್ಥಾನಕ್ಕೆ ಬಂದ ಮೇಲೆ ಪಂಕ್ಚರ್. ಕೊನೆಗೆ ಬೊಟಾಸ್ ಎಂಟನೆಯವನು, ರಸೆಲ್ ಒಂಬತ್ತನೆಯವನು. ಮೇಲೆ 20,000 ಯೂರೊ ದಂಡ.

ಗೆದ್ದವನು ಸೆರ್ಜಿಯೊ ಪೆರೆಜ್. ಮೊದಲ ಸುತ್ತಿನಲ್ಲೇ ಡಿಕ್ಕಿಯಾಗಿ ಎಲ್ಲರಿಗಿಂತ ಹಿಂದೆ ಬಿದ್ದವನು, 190ನೇ ರೇಸಿನಲ್ಲಿ ಮೊದಲ ಸಲ ಗೆದ್ದ. ಅದೃಷ್ಟ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮುಂದಿನವರು ಎಡವಿದಾಗ ಹತ್ತಿರದಲ್ಲೇ ಇರುವ ಹಾಗೆ ಅವನು ಹಿಂದಿನಿಂದ ಓಡಿಸಿಕೊಂಡು ಬಂದಿದ್ದ.

ಇಂಥದ್ದು ಇದೊಂದೇ ಸಲ ಆಗಿದ್ದಲ್ಲ. 1999ರಲ್ಲಿ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಫೆರಾರಿಯ ಎಡ್ಡಿ ಅರ್ವೈನ್ ಪಿಟ್‌ಗೆ ಬಂದಾಗ ಮೂರೇ ಟೈರು ಇದ್ದವು, ನಾಲ್ಕನೆಯದಕ್ಕೆ ಹುಡುಕಾಟ. ಅವನು ಏಳನೆಯವನಾದ, ಆ ಕಾಲದಲ್ಲಿ ಅಂಕ ಸಿಗುತ್ತಿದ್ದದ್ದು ಆರನೆಯವನವರೆಗೆ ಮಾತ್ರ. ವರ್ಷದ ಕೊನೆಗೆ ಚಾಂಪಿಯನ್‌ಷಿಪ್ ಕೈತಪ್ಪಿದ್ದು ಎರಡು ಅಂಕದಿಂದ. 2016ರ ಮೊನಾಕೊದಲ್ಲಿ ಮುಂದಿದ್ದ ಡ್ಯಾನಿಯಲ್ ರಿಕಾರ್ಡೊ ಪಿಟ್‌ಗೆ ಬಂದು ನಿಂತ, ಹುಡುಗರ ಕೈಯಲ್ಲಿ ಟೈರು ಇಲ್ಲ. ಯಾವ ಬಗೆಯ ಟೈರು ಅನ್ನುವುದನ್ನು ರೆಡ್ ಬುಲ್ ಕೊನೇ ಗಳಿಗೆಯಲ್ಲಿ ಬದಲಾಯಿಸಿತ್ತು. ಬೇಕಾದ ಸೆಟ್ ಇಕ್ಕಟ್ಟಾದ ಗ್ಯಾರೇಜಿನ ಹಿಂಬದಿಯಲ್ಲಿತ್ತು. ಗೆಲುವು ಹ್ಯಾಮಿಲ್ಟನ್‌ಗೆ ಹೋಯಿತು. ಈ ತಂಡಗಳಲ್ಲಿ ಕೆಲಸ ಬಾರದವರು ಯಾರೂ ಇರಲಿಲ್ಲ. ನಟ್ ಬಿಚ್ಚುವವನು, ಜಾಕ್ ಎತ್ತುವವನು, ಎಲ್ಲರೂ ಪಳಗಿದವರೇ. ಮಾತು ಹೊರಟ ಬಾಯಿಗೂ ಕೆಲಸ ಮಾಡುವ ಕೈಗೂ ನಡುವೆ ಎಲ್ಲೋ ಕೊಂಡಿ ಕಳಚಿತ್ತು.

ಈಗ ನಮ್ಮ ಮಿಲ್ ಹೌಸಿಗೆ ಬರುತ್ತೇನೆ. ಸಾಲಾಗಿ ನಿಂತ ಮಿಲ್‌ಗಳು, ಒಂದೊಂದರಲ್ಲೂ ಟಾಪ್, ಫೀಡ್, ಡಿಸ್ಚಾರ್ಜ್ ಅಂತ ಮೂರು ದೊಡ್ಡ ರೋಲರ್. ರೋಲರಿನ ಎರಡು ತುದಿಯ ಜರ್ನಲ್ (ತಿರುಗುವ ದಂಡದ ಭಾಗ) ಕೂರುವುದು ಬ್ರಾಸ್ ಅನ್ನುವ ಬೇರಿಂಗ್ ತುಂಡಿನ ಮೇಲೆ, ಅದರೊಳಗೆ ತಣ್ಣಗಿಡಲು ನೀರು ಹರಿಯುತ್ತಿರುತ್ತದೆ. ಜರ್ನಲ್ ಸವೆಯುತ್ತದೆ, ಹಂಗಾಮು ಮುಗಿದ ಮೇಲೆ ಲೇತ್‌ಗೆ ಹಾಕಿ ಹದ ಮಾಡುತ್ತಾರೆ. ಹಾಗಾಗಿ ವರ್ಷ ಕಳೆದಂತೆ ಒಂದೊಂದು ಜರ್ನಲಿನ ಅಳತೆಯೂ ಬೇರೆಯಾಗುತ್ತದೆ, ಅದಕ್ಕೆ ತಕ್ಕಂತೆ ಬ್ರಾಸ್ ಬೋರ್ ಮಾಡಿ ಪಕ್ಕದಲ್ಲಿ ನಂಬರ್ ಪಂಚ್ ಹೊಡೆದು ಸ್ಟೋರ್ಸಿನಲ್ಲಿ ಇಟ್ಟಿರುತ್ತೇವೆ. ನೋಡಲು ಎಲ್ಲ ಒಂದೇ ಥರ. ಮೂರನೇ ಮಿಲ್ಲಿನದು ಎರಡನೇ ಮಿಲ್ಲಿಗೆ ಆಗುವುದಿಲ್ಲ.

ನಾನು ಇನ್ನೂ ಹೊಸಬನಾಗಿದ್ದಾಗ, ಬೇರೊಂದು ಕಾರ್ಖಾನೆಯಲ್ಲಿ, ಒಂದು ಶಟ್‌ಡೌನ್ ರಾತ್ರಿ. ಬೆಳಿಗ್ಗೆಯಿಂದ ಇದ್ದ ಪ್ಲಾನ್ ಮೂರನೇ ಮಿಲ್ ಟಾಪ್ ರೋಲರ್, ಪಿಂಟಲ್ ಸೈಡ್ (ಡ್ರೈವ್ ಇಲ್ಲದ ಕಡೆಯ) ಬ್ರಾಸ್. ಸಂಜೆಯಿಂದ ಎರಡನೇ ಮಿಲ್ಲಿನ ಡ್ರೈವ್ ಸೈಡ್ ಬೇರಿಂಗ್ ಕಾಯತೊಡಗಿತು. ಮೂರನೆಯದು ಇನ್ನೂ ತಾಳುತ್ತದೆ, ಇದನ್ನೇ ಮೊದಲು ಮಾಡೋಣ ಎಂದು ಮೇಲಿನವರು ತೀರ್ಮಾನ ಬದಲಿಸಿದರು. ವಾಕಿಟಾಕಿಯಲ್ಲಿ ಸ್ಟೋರ್ಸಿಗೆ ಹೇಳಿದರು. ಅದೇ ಹೊತ್ತಿಗೆ ಕಬ್ಬು ಸಾಗಿಸುವ ಕೇನ್ ಕ್ಯಾರಿಯರ್ ಕಡೆಯವರೂ ಬಟನ್ ಒತ್ತಿದ್ದರು. ಇಬ್ಬರು ಒಟ್ಟಿಗೆ ಒತ್ತಿದರೆ ಎರಡು ಮಾತೂ ಹಾಳು, ವಾಕಿಟಾಕಿ ಹಿಡಿದವರಿಗೆಲ್ಲ ಗೊತ್ತು. ಆ ಕಡೆಯಿಂದ "ಆಯ್ತು ಸಾರ್" ಅಂತ ಉತ್ತರ ಬಂತು. ಎಲ್ಲರಿಗೂ ಸಮಾಧಾನವಾಯಿತು.

ಕ್ರೇನಿನ ಹುಕ್ಕಿಗೆ ಬ್ರಾಸ್ ತೂಗಿಕೊಂಡು ಬಂತು. ಆ ಶಿಫ್ಟಿನ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ಜೇಬಿನಿಂದ ಕಾಟನ್ ವೇಸ್ಟ್ ತೆಗೆದು ಬ್ರಾಸಿನ ಪಕ್ಕದ ಗ್ರೀಸ್ ಒರೆಸಿದರು. ಬೆಳಕು ಸಾಲದೆ ಹೆಬ್ಬೆರಳಿನಿಂದ ಪಂಚ್ ಗುರುತನ್ನು ತಡವಿದರು. ಮತ್ತೊಮ್ಮೆ ಒರೆಸಿ ಟಾರ್ಚ್ ಹಿಡಿಸಿದರು. "ಇದು ಮೂರ್ನೇದು. ನಾನಿದ ಕೂರ್ಸಾಕಿಲ್ಲ" ಅಂದರು.

ಫೋನಿನಲ್ಲಿದ್ದ ದೊಡ್ಡ ಸಾಹೇಬರಿಗೆ ಅವಸರ. ಯಾರ್ಡಿನಲ್ಲಿ ಟ್ರ್ಯಾಕ್ಟರುಗಳೂ ಎತ್ತಿನ ಗಾಡಿಗಳೂ ಸಾಲುಗಟ್ಟಿ ನಿಂತಿದ್ದವು. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ರೈತನಿಗೆ ತೂಕ ನಷ್ಟ, ನಮಗೆ ಸಕ್ಕರೆ ನಷ್ಟ. ಅವರ ಒತ್ತಡ ಸುಳ್ಳಲ್ಲ. "ಸ್ವಲ್ಪ ಸ್ಕ್ರೇಪ್ ಮಾಡಿ ಕೂರಿಸಿಬಿಡಿ, ಆಮೇಲೆ ನೋಡೋಣ" ಅಂದರು. ಮೇಸ್ತ್ರಿ ಕ್ಯಾಲಿಪರ್ ತರಿಸಿ ಜರ್ನಲ್ ಅಳೆದರು, ಬ್ರಾಸ್ ಅಳೆದರು, ನನ್ನ ಕೈಗೆ ಕೊಟ್ಟು "ನೀವೇ ಯೋಳಿ ಸಾರ್ ಅವ್ರಿಗೆ" ಅಂದರು. ಹೇಳಿದೆ. ಬ್ರಾಸ್ ವಾಪಸ್ ಹೋಗಿ ಸರಿಯಾದದ್ದು ಬರುವಷ್ಟರಲ್ಲಿ ತುಂಬಾ ಹೊತ್ತಾಯಿತು, ಬೈಗುಳವೂ ಬಂತು. ಮಿಲ್ ಓಡಿದ ಮೇಲೆ ಬೇರಿಂಗ್ ತಣ್ಣಗಿತ್ತು. ಅಳತೆ ತಪ್ಪಿದ ಬ್ರಾಸ್ ಕೂರಿಸಿದ್ದರೆ ಜರ್ನಲ್ಲೇ ಕಚ್ಚಿಕೊಂಡು, ರೋಲರನ್ನೇ ಹೊರಗೆ ತೆಗೆಯಬೇಕಾಗುತ್ತಿತ್ತು.

ಸಖೀರ್ ರೇಸ್ ನೋಡುವಾಗ ನನಗೆ ಆ ಮೇಸ್ತ್ರಿ ಕಣ್ಣ ಮುಂದೆ ಬಂದರು. ಟಿವಿಯಲ್ಲಿ ಬೊಟಾಸ್‌ನ ಕಾರಿನ ಸುತ್ತ ನಿಂತವರನ್ನು ನೋಡಿ ಜನ ನಕ್ಕರು. ನನಗೆ ಅವರ ಬಗ್ಗೆ ಗೌರವ ಬಂತು. ಇಡೀ ಜಗತ್ತು ನೋಡುತ್ತಿರುವಾಗ ಅಷ್ಟು ಹೊತ್ತು ಕಾರು ನಿಲ್ಲಿಸಿಕೊಂಡು, ಬೇರೆಯವನ ಟೈರಿನಲ್ಲಿ ಇನ್ನೊಂದು ಕಾರನ್ನು ಕಳಿಸದೆ, ಹಳೆಯದನ್ನೇ ಮತ್ತೆ ಹಾಕುವುದು ಸಣ್ಣ ಧೈರ್ಯವಲ್ಲ. ಪಿಟ್ ಸ್ಟಾಪ್ ಅಂದರೆ ಎಲ್ಲರಿಗೂ ವೇಗವೇ ಕಾಣುತ್ತದೆ. 2023ರಲ್ಲಿ ಕತಾರ್‌ನಲ್ಲಿ ಮೆಕ್‌ಲಾರೆನ್ 1.80 ಸೆಕೆಂಡಿನಲ್ಲಿ ನಾಲ್ಕೂ ಟೈರು ಬದಲಿಸಿದ ವಿಡಿಯೊ ನಮ್ಮ ಕಾರ್ಖಾನೆ ಗ್ರೂಪಿನಲ್ಲೂ ಓಡಾಡಿತು, ನೋಡಿ ಹೀಗಿರಬೇಕು ಕೆಲಸ ಅಂತ. ಆ ವೇಗ ಬರುವುದು ಸರಿಯಾದ ಟೈರು ಸರಿಯಾದ ಕೈಯಲ್ಲಿ ಮೊದಲೇ ಇದ್ದಾಗ. ಅದನ್ನು ಬಿಟ್ಟು ಬರೀ ವೇಗ ಕೇಳುವ ಮೇಲಧಿಕಾರಿಗಳ ಜೊತೆ ನಾನು ಇವತ್ತಿಗೂ ವಾದ ಮಾಡುತ್ತೇನೆ.

ನನ್ನ ಶಿಫ್ಟಿನಲ್ಲಿ ಈಗ ಬರೀ "ಆಯ್ತು ಸಾರ್" ನಡೆಯುವುದಿಲ್ಲ. ಮಿಲ್ ಯಾವುದು, ರೋಲರ್ ಯಾವುದು, ಯಾವ ಸೈಡ್ ಅಂತ ನಾನು ಹೇಳಿದ್ದನ್ನು ಕೇಳಿದವನು ತಿರುಗಿ ಹೇಳಬೇಕು, ನಾನು ಹೌದು ಅನ್ನಬೇಕು, ಆಮೇಲೆ ಕೈ ಹಾಕಬೇಕು. ಪ್ಲಾನ್ ಬದಲಾದರೆ ಮೊದಲು ಹಳೆಯದನ್ನು ಹೆಸರು ಹಿಡಿದು ರದ್ದು ಮಾಡುತ್ತೇವೆ: "ಮೂರನೇ ಮಿಲ್ ರದ್ದು." ಅದಕ್ಕೂ ತಿರುಗಿ ಉತ್ತರ ಬಂದ ಮೇಲೆಯೇ ಹೊಸದು. ಎರಡನ್ನೂ ಒಂದೇ ಉಸಿರಿಗೆ ಹೇಳಿದರೆ ಗದ್ದಲದಲ್ಲಿ ಯಾವ ಅರ್ಧ ಕೇಳಿಸಿತೋ ಅದೇ ನಿಲ್ಲುತ್ತದೆ. ಸಾಮಾನು ಜಾಗಕ್ಕೆ ಬಂದಾಗ ಫಿಟ್ಟರ್ ಪಂಚ್ ನಂಬರನ್ನು ಗಟ್ಟಿಯಾಗಿ ಓದಬೇಕು, ಪಕ್ಕದ ಹೆಲ್ಪರ್‌ಗೂ ಕೇಳಿಸುವ ಹಾಗೆ. ನಂಬರ್ ಹೊಂದದಿದ್ದರೆ ನಿಲ್ಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಶುರುವಿನಲ್ಲಿ ಇದು ಸುಲಭಕ್ಕೆ ಆಗಲಿಲ್ಲ. ಇಪ್ಪತ್ತು ವರ್ಷ ಸರ್ವಿಸ್ ಆದ ಫಿಟ್ಟರ್‌ಗೆ "ಏನು ಕೇಳಿಸಿಕೊಂಡ್ರಿ, ಹೇಳಿ" ಅಂದರೆ ಮುಖ ಕೆಂಪಾಗುತ್ತದೆ. "ಯಾಕ್ ಸಾರ್, ನಂಗೆ ಕಿವಿ ಕೇಳ್ಸಲ್ವಾ?" ಅಂತ ಒಬ್ಬರು ಕೇಳಿಯೇ ಬಿಟ್ಟರು. ನಮ್ಮ ಕಡೆ ಹಿರಿಯರ ಮಾತನ್ನು ಮರುಪ್ರಶ್ನೆ ಮಾಡುವುದು ಅಗೌರವ, ಕಿರಿಯನಿಂದ ಹೇಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಹಾಗಾಗಿ ನಾನೇ ಮೊದಲು ಮಾಡತೊಡಗಿದೆ. ಹೆಲ್ಪರ್ ಬಂದು "ಅಣ್ಣ, ನಾಲ್ಕನೇ ಮಿಲ್ ಸ್ಕ್ರೇಪರ್ ಸಡಿಲ ಆಗದೆ" ಅಂದರೂ, "ನಾಲ್ಕನೇ ಮಿಲ್, ಸ್ಕ್ರೇಪರ್ ಸಡಿಲ, ಸರಿನಾ?" ಅಂತ ಅವನಿಗೇ ತಿರುಗಿ ಹೇಳುತ್ತಿದ್ದೆ. ಎಂಜಿನಿಯರೇ ಹುಡುಗನಿಗೆ ಒಪ್ಪಿಸುವುದನ್ನು ನೋಡಿದ ಮೇಲೆ ಹಿರಿಯರಿಗೂ ಮುಜುಗರ ಕಡಿಮೆಯಾಯಿತು. ಈಗ ಅವರೇ ಹೊಸ ಹುಡುಗರನ್ನು ಗದರಿಸುತ್ತಾರೆ: "ಬರೀ ತಲೆ ಅಲ್ಲಾಡುಸ್ಬೇಡ ಕಣ್ಲಾ, ಬಾಯ್ಬಿಟ್ಟು ಯೋಳು."

ಬಗೆಹರಿಯದೆ ಉಳಿದಿರುವುದು ಕಾಂಟ್ರಾಕ್ಟ್ ಜನರ ವಿಷಯ. ಹಂಗಾಮಿಗೆ ಬಂದು ಹೋಗುವವರು, ಅವರಲ್ಲಿ ಕನ್ನಡ ಅಷ್ಟಾಗಿ ಬಾರದವರೂ ಇದ್ದಾರೆ. ಕಲಿಸಿ ಮುಗಿಸುವಷ್ಟರಲ್ಲಿ ಊರಿಗೆ ಹೊರಡುತ್ತಾರೆ. ಈ ವರ್ಷ ಪ್ರತಿ ಮಿಲ್ಲಿಗೂ ಒಂದೊಂದು ಬಣ್ಣ ಕೊಟ್ಟು, ಬ್ರಾಸಿನ ಪಕ್ಕಕ್ಕೂ ಸ್ಟೋರ್ಸಿನ ರ‍್ಯಾಕಿಗೂ ಅದೇ ಬಣ್ಣ ಬಳಿಸುತ್ತಿದ್ದೇನೆ. ಗ್ರೀಸಿನಲ್ಲಿ ಬಣ್ಣ ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಮೊದಲ ಶಟ್‌ಡೌನ್ ಆದ ಮೇಲೆ ಗೊತ್ತಾಗಬೇಕು.