ಪಾದಕ್ಕೆ ಹೊಡೆದ ಗುಂಡು

"ಇರೋದೇ ಒಂದು ದಾರಿ. ಇದರಲ್ಲಿ ನೀವು ಆಡೋದೇನಿದೆ ಮಾಮ?" ಎಂದು ರಜೆಗೆ ಬಂದಿದ್ದ ಅಕ್ಕನ ಮಗ ಸೋಮವಾರ ಕೇಳಿದ. ನೂರು ಜನ ಒಂದು ದ್ವೀಪಕ್ಕೆ ಹಾರಿ ಕೊನೆಗೆ ಒಬ್ಬನೇ ಉಳಿಯುವಂಥ ಆಟಗಳಲ್ಲಿ ಪಳಗಿದ ಇಂಜಿನಿಯರಿಂಗ್ ಹುಡುಗ. ಅದರ ಜಂಬವೂ ಸ್ವಲ್ಪ ಇದೆ. ನಾನು ಆಡುತ್ತಿದ್ದುದು 2013ರಲ್ಲಿ ಬಂದ 'ದಿ ಲಾಸ್ಟ್ ಆಫ್ ಅಸ್' ಎಂಬ ವಿಡಿಯೊ ಗೇಮ್, ಅದೂ ಮೂರನೆಯ ಬಾರಿ.

ಅಣಕಿಸುತ್ತಲೇ ಪಕ್ಕದಲ್ಲಿ ಕುಳಿತವನು ಮರುದಿನದಿಂದ ತಾನಾಗಿಯೇ ಬಂದು ಕೂರತೊಡಗಿದ. ಆಟದ ಒಂದೆಡೆ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ, ಕಥಾನಾಯಕ ಜೋಯಲ್ ಮತ್ತು ಅವನು ಕಾಪಾಡಿಕೊಂಡು ಕರೆತಂದ ಹುಡುಗಿ ಎಲಿ ಪಾಳು ಕಟ್ಟಡದ ಮೇಲೆ ನಿಂತು ಜಿರಾಫೆಗಳ ಹಿಂಡನ್ನು ನೋಡುತ್ತಾರೆ. ಅಲ್ಲಿ ಆಡುವವನಿಗೆ ಯಾವ ಕೆಲಸವೂ ಇಲ್ಲ, ಬೇಕೆನಿಸಿದಷ್ಟು ಹೊತ್ತು ನಿಲ್ಲಬಹುದು. ಅರೆ ನಿಮಿಷ ಸುಮ್ಮನಿರಲಾರದ ಹುಡುಗ ಅಲ್ಲಿ "ಮುಂದಕ್ಕೆ ಹೋಗಿ" ಎನ್ನಲಿಲ್ಲ.

ಶುಕ್ರವಾರ ರಾತ್ರಿ ಆಸ್ಪತ್ರೆಯ ಅಧ್ಯಾಯಕ್ಕೆ ಕಂಟ್ರೋಲರನ್ನು ಅವನ ಕೈಗೇ ಕೊಟ್ಟೆ. ಲೋಕವನ್ನೇ ಹಾಳುಗೆಡವಿದ ರೋಗಕ್ಕೆ ಮದ್ದು ಹುಡುಕಲು, ಅದು ತಟ್ಟದ ಎಲಿಯ ಮಿದುಳನ್ನೇ ತೆಗೆಯಲು ಹೊರಟ ಶಸ್ತ್ರವೈದ್ಯ, ಪ್ರಜ್ಞೆಯಿಲ್ಲದ ಹುಡುಗಿಗೆ ಅಡ್ಡಲಾಗಿ ಚಾಕು ಹಿಡಿದು ನಿಂತಿದ್ದಾನೆ. ನಮ್ಮ ಹುಡುಗ ಹಿಂದೆ ಸರಿದ, ಬಾಗಿಲು ಹುಡುಕಿದ, ಕೊನೆಗೆ ಗಾಯವಾದರೆ ಸಾಕೆಂದು ಪಾದಕ್ಕೆ ಗುರಿಯಿಟ್ಟು ಹೊಡೆದ. ವೈದ್ಯ ಸತ್ತುಬಿದ್ದ. ಆ ಆಟವನ್ನು ಕಟ್ಟಿರುವುದೇ ಹಾಗೆ. ಕೋಣೆಯಲ್ಲಿರುವ ಉಳಿದಿಬ್ಬರನ್ನು ಬಿಟ್ಟುಬಿಡಬಹುದು, ಅವನೊಬ್ಬನನ್ನು ಉಳಿಸಲಾಗದು.

"ಬೇರೆ ದಾರಿ ಇರ್ಲಿಲ್ವಾ ಮಾಮ?"

ಸೋಮವಾರ ದೂರಿನಂತೆ ಬಂದಿದ್ದ ಮಾತು ಶುಕ್ರವಾರ ಅದೇ ಬಾಯಿಂದ ಬೇಡಿಕೆಯಾಗಿ ಬಂದಿತ್ತು. ಎರಡು ದಾರಿಗಳಿದ್ದಿದ್ದರೆ ಅವನು ಒಳ್ಳೆಯದನ್ನು ಆರಿಸಿಕೊಂಡು, ತಾನೂ ಒಳ್ಳೆಯವನೆಂದು ನಂಬಿ ಮಲಗುತ್ತಿದ್ದ. ಸಿನಿಮಾ ಆಗಿದ್ದರೆ ಕೊಂದವನು ಜೋಯಲ್ ಎಂದು ಕೈತೊಳೆದುಕೊಳ್ಳಬಹುದಿತ್ತು. ಇಲ್ಲಿ ಕಥೆ ಮೊದಲೇ ನಿಶ್ಚಯವಾಗಿದ್ದರೂ ನಮ್ಮ ಬೆರಳು ಒತ್ತುವವರೆಗೆ ಅದು ಕದಲುವುದಿಲ್ಲ. ಮಗಳನ್ನು ಕಳೆದುಕೊಂಡ ಒಬ್ಬ ತಂದೆ ಇನ್ನೊಮ್ಮೆ ಕಳೆದುಕೊಳ್ಳಲಾರದೆ ಮಾಡಿದ ತಪ್ಪಿಗೆ ನಾವು ಕೈಜೋಡಿಸಿರುತ್ತೇವೆ. "ಈ ವಯಸ್ಸಿನಲ್ಲಿ ಆಟವೇ?" ಎನ್ನುವ ನಮ್ಮ ಭಾವನಿಗೆ ಇದನ್ನು ವಿವರಿಸುವ ಆಸೆಯನ್ನು ನಾನು ಎಂದೋ ಬಿಟ್ಟಿದ್ದೇನೆ.

ಇಂದು ಬೆಳಿಗ್ಗೆ ಹುಡುಗ ಎರಡನೆಯ ಭಾಗವನ್ನು ಕೇಳಿದ. ಆ ವೈದ್ಯನಿಗೂ ಒಬ್ಬಳು ಮಗಳಿದ್ದಾಳೆಂದು ನಾನಿನ್ನೂ ಅವನಿಗೆ ಹೇಳಿಲ್ಲ.