ಚೈನಿನ 12 ಇಂಚು

ಬೆಳಿಗ್ಗೆ ಆರಕ್ಕೆ ಹೊರಟರೆ ಏಳೂವರೆಯೊಳಗೆ ಮನೆಗೆ ವಾಪಸ್. ಶಿರಸಿಯ ಹೊರಗಿನ ನಮ್ಮ ಮನೆಯಿಂದ ಯಲ್ಲಾಪುರ ರಸ್ತೆಯವರೆಗೆ ಟಾರೇ ಇಲ್ಲದ ದಾರಿ ನನ್ನದು. ತೋಟದ ಅಂಚಿನ ಕಾಲುದಾರಿ, ಸೊಪ್ಪಿನ ಬೆಟ್ಟದಲ್ಲಿ ದನ ಓಡಾಡಿ ಆದ ಜಾಡು, ಹಳ್ಳಕ್ಕೆ ಅಡ್ಡ ಹಾಕಿದ ಒಂದು ಸಂಕ, ಅಲ್ಲಿ ಮಾತ್ರ ಸೈಕಲ್ ಹೆಗಲಿಗೆ, ಆಮೇಲೆ ಜಂಬಿಟ್ಟಿಗೆ ಕಲ್ಲು ಎದ್ದಿರುವ ಏರು. ರಜೆ ದಿನ ಸಮಯ ಇದ್ದರೆ ಸಹಸ್ರಲಿಂಗದವರೆಗೂ ಹೋಗುತ್ತೇನೆ. ಮಳೆಗಾಲದಲ್ಲಿ ಶಾಲ್ಮಲೆ ತುಂಬಿ ಲಿಂಗಗಳೆಲ್ಲ ನೀರಿನ ಕೆಳಗೆ ಹೋಗಿರುತ್ತವೆ, ಆದರೂ ಆ ನೀರಿನ ಸದ್ದು ಕೇಳಲಿಕ್ಕೇ ಹೋಗಬೇಕು ಅನ್ನಿಸುತ್ತದೆ.

ನನ್ನ ಸೈಕಲ್ಲಿಗೆ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 10. 2021ರಲ್ಲಿ ತಗೊಂಡಿದ್ದು. ಎರಡು ಮಳೆಗಾಲ ಅದೇ ಚೈನಿನಲ್ಲಿ ಓಡಿಸಿದೆ. ಗೇರ್ ಬೀಳುತ್ತಿತ್ತು, ಸದ್ದು ಇರಲಿಲ್ಲ, ಹಾಗಾಗಿ ಎಲ್ಲ ಸರಿ ಇದೆ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಚೈನ್ ಬದಲಾಯಿಸಿದೆ. ಅಂಗಡಿಯವರು "ಹೊಸ ಚೈನ್ ಹಾಕಿದ್ರೆ ಎಲ್ಲ ಸರಿ ಆಗ್ತದೆ ಬಿಡಿ" ಅಂದಿದ್ದರು. ಮಾರನೇ ದಿನವೇ ಹೊಳೆಯಿಂದ ಮೇಲೆ ಬರುವ ಏರಿನಲ್ಲಿ, ಎದ್ದು ನಿಂತು ಪೆಡಲ್ ತುಳಿಯುವಾಗ ಚೈನ್ ಟಕ್ ಅಂತ ಹಲ್ಲು ಹಾರಿತು, ಮೊಣಕಾಲು ಹೋಗಿ ಹ್ಯಾಂಡಲಿಗೆ ಬಡಿಯಿತು. ಮತ್ತೆ ತುಳಿದೆ, ಮತ್ತೆ ಹಾರಿತು. ಹಿಂದಿನ ದೊಡ್ಡ ಹಲ್ಲುಚಕ್ರಗಳಲ್ಲಿ ಏನೂ ತೊಂದರೆ ಇಲ್ಲ, ನಾನು ದಿನಾ ಬಳಸುವ ನಡುವಿನ ಮೂರು ಚಕ್ರಗಳಲ್ಲಿ ಮಾತ್ರ.

ಆ ವಾರ ಕೂತು ಓದಿದಾಗ ಅರ್ಥವಾಯಿತು. ಚೈನ್ ಎಳೆದು ಉದ್ದ ಆಗುತ್ತದೆ ಅಂತ ನಾವು ಹೇಳುತ್ತೇವೆ, ಆದರೆ ಕಬ್ಬಿಣದ ಪಟ್ಟಿ ಎಳೆದುಕೊಳ್ಳುವುದಲ್ಲ ಅದು. ಪ್ರತಿ ಕೊಂಡಿಯಲ್ಲೂ ಒಂದು ಪಿನ್ ಇದೆ, ಅದರ ಸುತ್ತ ತಿರುಗುವ ತೂತು ಇದೆ, ಅವೆರಡೂ ಚೂರು ಚೂರೇ ಸವೆಯುತ್ತವೆ. ನಮ್ಮ ಕೆಂಪು ಮಣ್ಣು ಎಣ್ಣೆಯ ಜೊತೆ ಸೇರಿ ಅಲ್ಲಿ ಹೊಕ್ಕರೆ, ಅಪ್ಪ ಕತ್ತಿ ಮಸೆಯುವ ಸಾಣೆಕಲ್ಲಿನ ಕೆಲಸವನ್ನೇ ಅದು ದಿನವಿಡೀ ಮಾಡುತ್ತದೆ. ನೂರಕ್ಕೂ ಹೆಚ್ಚು ಕೊಂಡಿಗಳ ಸವೆತ ಒಟ್ಟಾದಾಗ ಚೈನ್ ಉದ್ದವಾಗುತ್ತದೆ. ಉದ್ದವಾದ ಚೈನ್ ತನಗೆ ತಕ್ಕಂತೆ ಹಿಂದಿನ ಚಕ್ರದ ಹಲ್ಲನ್ನೂ ಸವೆಸಿಕೊಳ್ಳುತ್ತದೆ. ಹಳೆ ಚೈನೂ ಹಳೆ ಹಲ್ಲೂ ಹೊಂದಿಕೊಂಡೇ ಇರುತ್ತವೆ, ಅದಕ್ಕೇ ನನಗೆ ಅಷ್ಟು ದಿನ ಗೊತ್ತಾಗಲೇ ಇಲ್ಲ. ಹೊಸ ಚೈನ್ ಸರಿಯಾದ ಅಳತೆಯದ್ದು, ಸವೆದ ಹಲ್ಲಿನಲ್ಲಿ ಕೂರುವುದಿಲ್ಲ, ಭಾರ ಬಿದ್ದ ಕೂಡಲೇ ಮೇಲೆ ಹತ್ತಿ ಹಾರುತ್ತದೆ. ಕೊನೆಗೆ ಇಡೀ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಪೂರ್ತಿ ಗೊಂಚಲು, ಬದಲಾಯಿಸಬೇಕಾಯಿತು. ಅದೇ ದುಡ್ಡಿಗೆ ಎರಡು ಮೂರು ಚೈನ್ ಬರುತ್ತಿದ್ದವು.

ಇದನ್ನು ತಪ್ಪಿಸಲಿಕ್ಕೆ ಬೇಕಾದದ್ದು ಒಂದು ಸ್ಟೀಲ್ ಸ್ಕೇಲ್, ಅಷ್ಟೇ. ಚೈನಿನ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಅರ್ಧ ಇಂಚು. ಹಾಗಾದರೆ 24 ಪಿನ್ ದಾಟಿದರೆ ಸರಿಯಾಗಿ 12 ಇಂಚು ಆಗಬೇಕು, ಅಲ್ವಾ? ಪೆಡಲನ್ನು ಸ್ವಲ್ಪ ಒತ್ತಿ ಹಿಡಿದು ಚೈನ್ ಬಿಗಿ ಮಾಡಿ, ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟು ನೋಡಿ. ಆ ಪಿನ್ ಬಿಟ್ಟು ಎಣಿಸಿದ 24ನೇ ಪಿನ್ನಿನ ನಡು 12 ಇಂಚಿನ ಗೆರೆ ಮೇಲೇ ಇದ್ದರೆ ಏನೂ ಚಿಂತೆ ಇಲ್ಲ. ಗೆರೆಯಿಂದ ಒಂದು ಇಂಚಿನ 16ನೇ ಒಂದು ಭಾಗ, ಅಂದರೆ ಒಂದೂವರೆ ಮಿಲಿಮೀಟರಿಗಿಂತ ಚೂರು ಜಾಸ್ತಿ, ಆಚೆ ಹೋಗಿದ್ದರೆ ಚೈನ್ ಬದಲಾಯಿಸಿ. ಅದರ ಎರಡರಷ್ಟು ಹೋಗಿದ್ದರೆ ಕ್ಯಾಸೆಟ್ಟೂ ಹೋಗಿದೆ ಅಂತಲೇ ಲೆಕ್ಕ. ಮಳೆಗಾಲದಲ್ಲಿ ನಾನು ಎರಡು ವಾರಕ್ಕೊಮ್ಮೆ ಅಳೆಯುತ್ತೇನೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಎರಡು ನಿಮಿಷವೂ ಹಿಡಿಯುವುದಿಲ್ಲ.

ಇನ್ನು ತೊಳೆಯುವುದು. ಮನೆಗೆ ಬಂದ ಕೂಡಲೇ, ಕಾಲಿನ ಉಂಬಳ ಕಿತ್ತು ಹಾಕಿದ ಮೇಲೆ, ಸೈಕಲ್ಲಿಗೆ ಬಕೆಟ್ಟಿನಿಂದ ನೀರು ಹೊಯ್ಯುತ್ತೇನೆ. ಜೋರಾಗಿ ಅಲ್ಲ, ಸುಮ್ನೆ ಮಣ್ಣು ಇಳಿಯುವಷ್ಟು. ಪೇಟೆಯಲ್ಲಿ ವಾಟರ್ ಸರ್ವಿಸ್ ಮಾಡಿಸುವವರಿದ್ದಾರೆ, ದಯವಿಟ್ಟು ಬೇಡ. ಆ ರಭಸಕ್ಕೆ ನೀರು ಚಕ್ರದ ನಡುವಿನ ಹಬ್ಬಿನ ಒಳಗೆ, ಪೆಡಲ್ ತಿರುಗುವ ಬೇರಿಂಗಿನ ಒಳಗೆ ಹೋಗಿ ಗ್ರೀಸ್ ತೊಳೆದು ಹಾಕುತ್ತದೆ. ಆಮೇಲೆ ಆಯಿ ಕೊಟ್ಟ ಹಳೆ ಸೀರೆಯ ತುಂಡಿನಲ್ಲಿ ಚೈನ್ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತೇನೆ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ. ಹಿಂದಿನ ಚಕ್ರಗಳ ಸಂದಿಯಲ್ಲಿ ಹುಲ್ಲು, ಅಡಿಕೆ ಸೋಗೆಯ ನಾರು ಸಿಕ್ಕಿಕೊಂಡಿರುತ್ತದೆ. ಅದನ್ನು ಕಡ್ಡಿಯಲ್ಲಿ ತೆಗೆಯಬೇಕು.

ತಿಂಗಳಿಗೊಮ್ಮೆ ಚೈನನ್ನೇ ಬಿಚ್ಚುತ್ತೇನೆ. ಅದರಲ್ಲಿ ಕೈಯಿಂದ ಬಿಚ್ಚುವ ಒಂದು ಕೊಂಡಿ ಇರುತ್ತದೆ, ಇಕ್ಕಳ ಇದ್ದರೆ ಸುಲಭ. ಬಾಯಿ ಅಗಲದ ಬಾಟಲಿಯಲ್ಲಿ ಸ್ವಲ್ಪ ಡೀಸೆಲ್ ಹಾಕಿ, ಚೈನ್ ಇಳಿಸಿ, ಮುಚ್ಚಳ ಬಿಗಿದು ಕುಲುಕಿದರೆ ಒಳಗಿನ ಮಣ್ಣೆಲ್ಲ ಹೊರಗೆ. ಆಮೇಲೆ ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರು, ಮತ್ತೆ ಪೂರ್ತಿ ಒಣಗಬೇಕು. ಆ ಡೀಸೆಲನ್ನು ತೋಟದ ಕಾಲುವೆಗೆ ಚೆಲ್ಲಬೇಡಿ. ಒಂದು ದಿನ ಬಿಟ್ಟರೆ ಮಣ್ಣು ಅಡಿಗೆ ಕೂರುತ್ತದೆ, ಮೇಲಿನದ್ದನ್ನು ಮತ್ತೆ ಬಳಸಬಹುದು.

ಎಣ್ಣೆಯ ವಿಷಯದಲ್ಲಿ ನಮ್ಮ ಕಡೆ ಜಾಸ್ತಿ ತಪ್ಪು ಆಗುತ್ತದೆ. ಕೊಬ್ಬರಿ ಎಣ್ಣೆ, ಇಂಜಿನ್ ಆಯಿಲ್, ಗ್ರೀಸ್, ಕೈಗೆ ಸಿಕ್ಕಿದ್ದು ಸುರಿಯುತ್ತಾರೆ. ಚೈನ್ ಹೊಳೆಯುತ್ತದೆ, ಮಣ್ಣು ಬಂದು ಅಂಟುತ್ತದೆ. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ, ಹೊರಗಲ್ಲ. ಚೈನಿಗೆಂದೇ ಮಾಡಿದ ಎಣ್ಣೆ ತಂದು ಪ್ರತಿ ಕೊಂಡಿಗೆ ಒಂದೇ ಹನಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಹೊರಗಿನದ್ದನ್ನು ಪೂರ್ತಿ ಒರೆಸಿ. ಮಳೆಗೆ ದಪ್ಪ ಎಣ್ಣೆ, ಫೆಬ್ರವರಿಯ ಧೂಳಿಗೆ ಮೇಣದ ಥರದ ಒಣ ಎಣ್ಣೆ.

ಇಷ್ಟು ಮಾಡಿದರೂ ಕೆಲವು ಸಲ ಗೇರ್ ತಡವಾಗಿ ಬೀಳುತ್ತದೆ. ಆಗ ಕೂಡಲೇ ಡಿರೇಲರಿನ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗದ, ಸಣ್ಣ ಸ್ಕ್ರೂಗಳಿಗೆ ಕೈ ಹಾಕಬೇಡಿ. ಅವು ಚೈನ್ ಎರಡೂ ತುದಿಯಲ್ಲಿ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಮಾತ್ರ. ಒಂದನ್ನು ಸಡಿಲ ಬಿಟ್ಟರೆ ಚೈನ್ ಸೀದಾ ಚಕ್ರದ ಕಡ್ಡಿಗಳ ನಡುವೆ ಹೋಗಿ ಬೀಳುತ್ತದೆ. ಮೊದಲು ಕೇಬಲ್ ನೋಡಿ. ನನ್ನ ಅನುಭವದಲ್ಲಿ ಮಳೆಗಾಲದ ಅರ್ಧ ಗೇರ್ ತೊಂದರೆ ಕೇಬಲಿನ ಹೊರಕವಚದೊಳಗೆ ಕೂತ ಕೆಸರಿನದ್ದೇ. ಹೊಸ ಕೇಬಲ್ ಹಾಕಿ, ಅದು ಡಿರೇಲರಿಗೆ ಸೇರುವಲ್ಲಿ ಇರುವ ತಿರುಪನ್ನು ಕಾಲು ಸುತ್ತು ಕಾಲು ಸುತ್ತು ತಿರುಗಿಸುತ್ತಾ ಹೋದರೆ ಸದ್ದು ನಿಲ್ಲುವ ಜಾಗ ಕಿವಿಗೇ ಗೊತ್ತಾಗುತ್ತದೆ. ಸೈಕಲ್ ಬಲಕ್ಕೆ ಬಿದ್ದಿದ್ದರೆ ಮಾತ್ರ ಡಿರೇಲರ್ ನೇತಾಡುವ ಹ್ಯಾಂಗರ್ ಬಾಗಿದೆಯಾ ಅಂತ ಹಿಂದಿನಿಂದ ಬಗ್ಗಿ ನೋಡಬೇಕು.

ಹೋದ ಭಾನುವಾರ ಅಳೆದೆ. 12 ಇಂಚಿನ ಗೆರೆಯಿಂದ ಕೂದಲೆಳೆಯಷ್ಟು ಆಚೆ. ಹೊಸ ಚೈನ್ ತಂದು ಪೇಪರಿನಲ್ಲಿ ಸುತ್ತಿ ಅಟ್ಟದ ಮೊಳೆಗೆ ನೇತು ಹಾಕಿದ್ದೇನೆ, ನವರಾತ್ರಿಯವರೆಗೆ ಬೇಕಾಗಲಿಕ್ಕಿಲ್ಲ.